ತಂತಿ ಒಬ್ಬರದು, ಇಂಟರ್ನೆಟ್ ಹಲವರದು: ಕೇಬಲ್ ಜಾಲ ತೆರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿ ಕೇಬಲ್‌ನಲ್ಲೇ ಇಂಟರ್ನೆಟ್ ಕೊಡಬಹುದು ಎಂದು ಗೊತ್ತಾದಂದಿನಿಂದ ಒಂದು ಜಗಳ ನಡೆದೇ ಇದೆ. ಆ ಕೇಬಲ್ ಮೇಲೆ ಇಂಟರ್ನೆಟ್ ಮಾರುವ ಹಕ್ಕು ಅದನ್ನು ಎಳೆದವರಿಗೆ ಮಾತ್ರವೋ, ಬೇರೆ ಕಂಪನಿಗಳಿಗೂ ಉಂಟೋ? ಅಮೆರಿಕ ಒಂದು ದಾರಿ ಹಿಡಿಯಿತು, ಕೆನಡಾ ಇನ್ನೊಂದು, ಆಸ್ಟ್ರೇಲಿಯಾ ಮತ್ತೊಂದು. ಈ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಪ್ರತಿ ತಿಂಗಳು ಕಟ್ಟುವ ಬಿಲ್‌ನಲ್ಲಿ ಈ ತೀರ್ಮಾನಗಳ ಗುರುತಿದೆ. ಈ ವಿಷಯದಲ್ಲಿ ಹೆಚ್ಚಾಗಿ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಕೇಬಲ್ ಜಾಲ ತೆರೆಯುವುದು ಎಂದರೆ ಏನು?

ಬೀದಿಬೀದಿಯಲ್ಲಿ ಕೇಬಲ್ ಎಳೆದು ಮನೆ ಮುಟ್ಟಿಸುವುದು ಒಂದು ಕೆಲಸ. ಆ ಕೇಬಲ್ ಮೂಲಕ ಇಂಟರ್ನೆಟ್ ಸಂಪರ್ಕ ಕೊಟ್ಟು, ಪ್ಲಾನ್ ಮಾರಿ, ಬಿಲ್ ಮಾಡಿ, ದೂರು ಬಂದಾಗ ಫೋನ್ ಎತ್ತುವುದು ಬೇರೆಯೇ ಕೆಲಸ. ಎರಡನ್ನೂ ಒಂದೇ ಕಂಪನಿ ಮಾಡಬೇಕೆಂದೇನೂ ಇಲ್ಲ. ಕೇಬಲ್ ಮಾಲೀಕರು ತಮ್ಮ ಜಾಲವನ್ನು ಬೇರೆ ಇಂಟರ್ನೆಟ್ ಕಂಪನಿಗಳಿಗೂ ಸಗಟು ದರದಲ್ಲಿ ಬಿಟ್ಟುಕೊಟ್ಟರೆ ಅದನ್ನು ಮುಕ್ತ ಪ್ರವೇಶ ಎನ್ನುತ್ತಾರೆ. ಆಗ ಮನೆಗೆ ಬರುವ ಕೇಬಲ್ ಒಂದೇ ಆದರೂ, ಯಾರ ಗ್ರಾಹಕರಾಗಬೇಕು ಎಂಬ ಆಯ್ಕೆ ನಿಮ್ಮದು.

ಹೇಳುವುದು ಸುಲಭ. ಆದರೆ ಎಷ್ಟು ದರಕ್ಕೆ ಬಿಟ್ಟುಕೊಡಬೇಕು, ಎಲ್ಲಿ ಜೋಡಿಸಿಕೊಳ್ಳಬೇಕು, ಕೆಟ್ಟಾಗ ಯಾರ ಮನೆಗೆ ಮೊದಲು ಹೋಗಬೇಕು ಎಂಬುದು ತೀರ್ಮಾನವಾಗದೆ ಬರೀ ‘ತೆರೆದಿದ್ದೇವೆ’ ಎಂದರೆ ಪ್ರಯೋಜನವಿಲ್ಲ. ಕಳೆದ ಇಪ್ಪತ್ತೈದು ವರ್ಷಗಳ ಅನುಭವವೆಲ್ಲ ಇದನ್ನೇ ತೋರಿಸಿದೆ.

ಈ ಬೇಡಿಕೆ ಹುಟ್ಟಿದ್ದು ಎಲ್ಲಿ?

1990ರ ದಶಕದ ಅಮೆರಿಕದಲ್ಲಿ. ಆಗ ಇಂಟರ್ನೆಟ್ ಎಂದರೆ ಡಯಲ್-ಅಪ್. ಮನೆಯ ಫೋನಿನಿಂದ ಯಾವ ಇಂಟರ್ನೆಟ್ ಕಂಪನಿಯ ನಂಬರಿಗೆ ಬೇಕಾದರೂ ಡಯಲ್ ಮಾಡಬಹುದಿತ್ತು. ಫೋನ್ ಕಂಪನಿ ಕಾನೂನಿನ ಪ್ರಕಾರ ಸಾರ್ವಜನಿಕ ಸಾಗಣೆದಾರ. ಯಾರ ಕರೆ, ಯಾರಿಗೆ ಕರೆ ಎಂದು ನೋಡಿ ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಹಾಗಾಗಿ ಊರೂರಿಗೆ ಸಣ್ಣ ಇಂಟರ್ನೆಟ್ ಕಂಪನಿಗಳು ಹುಟ್ಟಿಕೊಂಡವು. ದೇಶದಲ್ಲಿ ಸಾವಿರಾರು ಇದ್ದವು.

ಅಷ್ಟರಲ್ಲಿ ಕೇಬಲ್ ಮೋಡೆಮ್ ಬಂತು. ಡಯಲ್-ಅಪ್‌ಗಿಂತ ಹತ್ತಾರು ಪಟ್ಟು ವೇಗ. ಆದರೆ ಕೇಬಲ್ ಕಂಪನಿಗಳು ಫೋನ್ ಕಂಪನಿಗಳ ನಿಯಮಕ್ಕೆ ಒಳಪಟ್ಟಿರಲಿಲ್ಲ. ಟಿಸಿಐ ಎಂಬ ದೊಡ್ಡ ಕೇಬಲ್ ಕಂಪನಿ ಮತ್ತು ಅದರ ಜೊತೆಗಾರರು ‘ಅಟ್ ಹೋಮ್’ ಎಂಬ ತಮ್ಮದೇ ಇಂಟರ್ನೆಟ್ ಕಂಪನಿ ಕಟ್ಟಿ, ತಮ್ಮ ಕೇಬಲ್ ಮೇಲೆ ಅದನ್ನೊಂದೇ ಮಾರತೊಡಗಿದರು. ಬೇರೆ ಕಂಪನಿಯ ಸೇವೆ ಬೇಕಿದ್ದವರು ಮೊದಲು ಅಟ್ ಹೋಮ್‌ಗೆ ಕಟ್ಟಿ, ಅದರ ಮೇಲೆ ಇನ್ನೊಂದು ಶುಲ್ಕ ತೆರಬೇಕಿತ್ತು. 1998ರ ಜೂನ್‌ನಲ್ಲಿ ಫೋನ್ ದೈತ್ಯ ಎಟಿ ಅಂಡ್ ಟಿ ಈ ಟಿಸಿಐಯನ್ನು ಸುಮಾರು 48 ಬಿಲಿಯನ್ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿದಾಗ ಸಣ್ಣ ಕಂಪನಿಗಳಿಗೂ ಗ್ರಾಹಕ ಸಂಘಟನೆಗಳಿಗೂ ದಿಗಿಲಾಯಿತು. ಡಯಲ್-ಅಪ್ ಕಾಲದ ಸ್ಪರ್ಧೆ ಬ್ರಾಡ್‌ಬ್ಯಾಂಡ್ ಕಾಲಕ್ಕೆ ದಾಟುವುದೇ ಇಲ್ಲವೇನೋ ಎಂಬ ದಿಗಿಲು ಅದು. ಮುಂದೆ ಆದದ್ದೂ ಬಹುಮಟ್ಟಿಗೆ ಹಾಗೆಯೇ.

ಪೋರ್ಟ್‌ಲೆಂಡ್ ಹೆಸರು ಯಾಕೆ ಮತ್ತೆ ಮತ್ತೆ ಕೇಳಿಬರುತ್ತದೆ?

ಇಂಥ ದೊಡ್ಡ ವ್ಯವಹಾರಕ್ಕೆ ಮೊದಲು ಷರತ್ತು ಹಾಕಿದ್ದು ವಾಷಿಂಗ್ಟನ್‌ನ ದೊಡ್ಡ ಕಚೇರಿಯಲ್ಲ, ಒರೆಗಾನ್ ರಾಜ್ಯದ ಈ ಊರಿನ ಆಡಳಿತ. ಅಮೆರಿಕದಲ್ಲಿ ಕೇಬಲ್ ಕಂಪನಿಗೆ ಊರಿನ ರಸ್ತೆ ಬಳಸಲು ಸ್ಥಳೀಯ ಆಡಳಿತದ ಪರವಾನಗಿ ಬೇಕು. ಕಂಪನಿ ಕೈಬದಲಾದಾಗ ಆ ಪರವಾನಗಿಯೂ ವರ್ಗವಾಗಬೇಕು. 1998ರ ಡಿಸೆಂಬರ್‌ನಲ್ಲಿ ಪೋರ್ಟ್‌ಲೆಂಡ್ ನಗರವೂ ಮಲ್ಟ್‌ನೋಮ ಕೌಂಟಿಯೂ ‘ಪರವಾನಗಿ ವರ್ಗಾಯಿಸುತ್ತೇವೆ, ಆದರೆ ನಿಮ್ಮ ಕೇಬಲ್ ಮೋಡೆಮ್ ಜಾಲವನ್ನು ಬೇರೆ ಇಂಟರ್ನೆಟ್ ಕಂಪನಿಗಳಿಗೂ ತಾರತಮ್ಯವಿಲ್ಲದೆ ತೆರೆಯಬೇಕು’ ಎಂದವು. ಎಟಿ ಅಂಡ್ ಟಿ ಒಪ್ಪದೆ ಕೋರ್ಟಿಗೆ ಹೋಯಿತು.

1999ರ ಜೂನ್‌ನಲ್ಲಿ ಜಿಲ್ಲಾ ನ್ಯಾಯಾಧೀಶ ಓವನ್ ಪ್ಯಾನರ್ ಊರಿನ ಪರ ತೀರ್ಪಿತ್ತರು. ಮರು ವರ್ಷದ ಜೂನ್‌ನಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತಳ್ಳಿಹಾಕಿದ ಕಾರಣ ಮಾತ್ರ ಗಮನಿಸಬೇಕಾದ್ದು. ಕೇಬಲ್ ಇಂಟರ್ನೆಟ್ ಎಂಬುದು ಟಿವಿಯಂಥ ‘ಕೇಬಲ್ ಸೇವೆ’ ಅಲ್ಲ, ಆದ್ದರಿಂದ ಕೇಬಲ್ ಪರವಾನಗಿಯ ಹೆಸರಲ್ಲಿ ಊರಿನವರು ಷರತ್ತು ಹಾಕುವಂತಿಲ್ಲ. ಆದರೆ ಆ ತಂತಿಯ ಮೇಲಿನ ಸಾಗಣೆ ಫೋನಿನಂತೆಯೇ ‘ದೂರಸಂಪರ್ಕ ಸೇವೆ’ ಎಂದಿತು. ಊರು ಸೋತರೂ ಅದು ಎತ್ತಿದ ವಾದಕ್ಕೆ ಬಲ ಬಂದಿತ್ತು. ಸಾಗಣೆ ದೂರಸಂಪರ್ಕ ಸೇವೆಯಾದರೆ ಎಲ್ಲರನ್ನೂ ಸಮಾನವಾಗಿ ಹೊರುವ ಹೊಣೆಯೂ ಬರುತ್ತದಲ್ಲ! ಫ್ಲಾರಿಡಾದ ಬ್ರೋವರ್ಡ್ ಕೌಂಟಿ, ವರ್ಜೀನಿಯಾದ ಹೆನ್ರೈಕೊ ಕೌಂಟಿ ಕೂಡ ಇಂಥದೇ ನಿಯಮ ಮಾಡಲು ಹೋಗಿ ಕೋರ್ಟಿನಲ್ಲಿ ಸೋತವು. ಆದರೂ ತಮ್ಮ ಜನರ ಆಯ್ಕೆಯ ಪರ ಮೊದಲು ನಿಂತವರು ಈ ಊರುಗಳ ಕೌನ್ಸಿಲ್‌ನವರು ಎಂಬುದನ್ನು ಮರೆಯಬಾರದು.

ಒಂದೇ ಕೇಬಲ್‌ನಲ್ಲಿ ಹಲವು ಕಂಪನಿಗಳು ತಾಂತ್ರಿಕವಾಗಿ ಸಾಧ್ಯವೇ?

ಸಾಧ್ಯ. ಆದರೆ ಫೋನ್ ತಂತಿಯಷ್ಟು ಸರಳವಲ್ಲ.

ಫೋನಿನಲ್ಲಿ ಪ್ರತಿ ಮನೆಗೂ ಎಕ್ಸ್‌ಚೇಂಜಿನಿಂದ ಬೇರೆಯದೇ ಒಂದು ಜೊತೆ ತಾಮ್ರದ ತಂತಿ ಬರುತ್ತದೆ. ಆ ಜೊತೆಯನ್ನು ಎಕ್ಸ್‌ಚೇಂಜಿನಲ್ಲಿ ಬಿಚ್ಚಿ ಇನ್ನೊಂದು ಕಂಪನಿಯ ಯಂತ್ರಕ್ಕೆ ಜೋಡಿಸಿದರೆ ಮುಗಿಯಿತು. ಕೇಬಲ್‌ನಲ್ಲಿ ಹಾಗಿಲ್ಲ. ಕಂಪನಿಯ ಕೇಂದ್ರದಿಂದ ಬಡಾವಣೆಯ ತನಕ ಫೈಬರ್, ಅಲ್ಲೊಂದು ನೋಡ್ (ಫೈಬರನ್ನೂ ಕೇಬಲ್ಲನ್ನೂ ಜೋಡಿಸುವ ಪೆಟ್ಟಿಗೆ), ಅಲ್ಲಿಂದ ಮನೆಗಳಿಗೆ ಟಿವಿಯ ಕೋಆಕ್ಸಿಯಲ್ ಕೇಬಲ್. ಒಂದು ನೋಡ್‌ನ ಕೆಳಗಿನ ನೂರಾರು ಮನೆಗಳು ಒಂದೇ ಕೇಬಲ್‌ನ ಸಾಮರ್ಥ್ಯವನ್ನು ಹಂಚಿಕೊಳ್ಳುತ್ತವೆ. 1997ರಲ್ಲಿ ಬಂದ ಡಾಕ್ಸಿಸ್ ಎಂಬ ಮೊದಲ ಮಾನದಂಡದಲ್ಲಿ, ಟಿವಿಯ ಒಂದು ಚಾನೆಲ್ ಹಿಡಿಸುವ 6 ಮೆಗಾಹರ್ಟ್ಸ್ ಜಾಗದಲ್ಲಿ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 27ರಿಂದ 38 ಮೆಗಾಬಿಟ್ ಸಾಗುತ್ತಿತ್ತು. ಮೇಲ್ಮುಖದ ದಾರಿಗೆ 5ರಿಂದ 42 ಮೆಗಾಹರ್ಟ್ಸ್ ನಡುವಿನ ಇಕ್ಕಟ್ಟಾದ, ಗದ್ದಲ ತುಂಬಿದ ಜಾಗವಷ್ಟೇ.

ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಚಾನೆಲ್ ಎಂದು ಪಾಲು ಮಾಡಿದರೆ ಸಾಮರ್ಥ್ಯ ವ್ಯರ್ಥ. ಅದರ ಬದಲು ದತ್ತಾಂಶದ ಮಟ್ಟದಲ್ಲೇ ಬೇರ್ಪಡಿಸುತ್ತಾರೆ. ಕೇಬಲ್ ಕಂಪನಿಯ ಕೇಂದ್ರದಲ್ಲಿ ಎಲ್ಲ ಮೋಡೆಮ್‌ಗಳನ್ನು ನಿಭಾಯಿಸುವ ಯಂತ್ರವಿದೆ. ಅದನ್ನು ಸಿಎಂಟಿಎಸ್ ಎನ್ನುತ್ತಾರೆ. ನೀವು ಬೇರೆ ಕಂಪನಿಯ ಗ್ರಾಹಕರಾದರೆ ನಿಮ್ಮ ಮೋಡೆಮ್‌ಗೆ ಆ ಕಂಪನಿಯ ಐಪಿ ವಿಳಾಸ ಸಿಗುತ್ತದೆ. ವಿಳಾಸ ನೋಡಿ ನಿಮ್ಮ ದತ್ತಾಂಶವನ್ನು ಆ ಕಂಪನಿಯ ಜೋಡಣೆಗೆ ಕಳಿಸುತ್ತಾರೆ. ಅಲ್ಲಿಂದ ಮುಂದಿನ ಜವಾಬ್ದಾರಿ ಆ ಕಂಪನಿಯದು.

1999ರಲ್ಲಿ ‘ಇದು ಆಗದ ಕೆಲಸ’ ಎಂದು ಕೇಬಲ್‌ನವರು ಗಟ್ಟಿಯಾಗಿ ಹೇಳುತ್ತಿದ್ದರು. ಮರುವರ್ಷವೇ ಎಟಿ ಅಂಡ್ ಟಿ ಕೊಲರಾಡೊದ ಬೋಲ್ಡರ್‌ನಲ್ಲಿ ಹಲವು ಇಂಟರ್ನೆಟ್ ಕಂಪನಿಗಳನ್ನು ಒಂದೇ ಕೇಬಲ್ ಮೇಲೆ ಕೂರಿಸುವ ಪ್ರಯೋಗ ಶುರುಮಾಡಿತು. ಕೆನಡಾದಲ್ಲಂತೂ ಎಷ್ಟೋ ವರ್ಷಗಳಿಂದ ಇದು ದಿನನಿತ್ಯದ ವ್ಯವಹಾರ. ತಾಂತ್ರಿಕ ಅಡ್ಡಿಯ ಮಾತನ್ನು ಇನ್ನು ಯಾರೂ ಒಪ್ಪಬೇಕಿಲ್ಲ.

ಎಒಎಲ್ ಮೊದಲು ಮುಕ್ತ ಪ್ರವೇಶದ ಪರ ಇತ್ತಂತೆ, ನಿಜವೇ?

ನಿಜ. ಡಯಲ್-ಅಪ್‌ನ ದೈತ್ಯ ಎಒಎಲ್ ಕೇಬಲ್ ಜಾಲಗಳನ್ನು ತೆರೆಯಬೇಕೆಂಬ ಒಕ್ಕೂಟದ ಮುಂಚೂಣಿಯಲ್ಲಿತ್ತು. 2000ದ ಜನವರಿಯಲ್ಲಿ ಟೈಮ್ ವಾರ್ನರ್ ಜೊತೆ ವಿಲೀನ ಘೋಷಿಸಿತು. ಆ ಮೂಲಕ ಅದಕ್ಕೇ ಕೇಬಲ್ ಸಿಕ್ಕಿತು. ಕಾನೂನು ಬೇಡ, ಮಾರುಕಟ್ಟೆಯೇ ನೋಡಿಕೊಳ್ಳಲಿ ಎಂಬ ಧಾಟಿಗೆ ಅದು ಬದಲಾಯಿತು.

ಆದರೆ ವಿಲೀನಕ್ಕೆ ಒಪ್ಪಿಗೆ ಬೇಕಿತ್ತಲ್ಲ. ಅಲ್ಲಿನ ವ್ಯಾಪಾರ ಆಯೋಗ 2000ದ ಡಿಸೆಂಬರ್‌ನಲ್ಲಿ ಷರತ್ತು ಹಾಕಿತು: ಟೈಮ್ ವಾರ್ನರ್ ಕೇಬಲ್ ಮೇಲೆ ಎಒಎಲ್ ತನ್ನ ಬ್ರಾಡ್‌ಬ್ಯಾಂಡ್ ಶುರುಮಾಡುವ ಮೊದಲು ಪ್ರತಿಸ್ಪರ್ಧಿ ಅರ್ತ್‌ಲಿಂಕ್‌ಗೆ ಜಾಗ ಕೊಡಬೇಕು, ಆಮೇಲೆ ಇನ್ನಷ್ಟು ಕಂಪನಿಗಳಿಗೂ ಕೊಡಬೇಕು. ದೇಶಕ್ಕೆಲ್ಲ ಅನ್ವಯವಾಗುವ ನಿಯಮ ಅದಲ್ಲ. ಒಂದು ಕಂಪನಿಗೆ, ಐದು ವರ್ಷದ ಮಟ್ಟಿಗೆ. ಆದರೂ ಅಮೆರಿಕದ ದೊಡ್ಡ ಕೇಬಲ್ ಜಾಲವೊಂದು ಕಡ್ಡಾಯವಾಗಿ ತೆರೆದುಕೊಂಡ ಅಪರೂಪದ ಉದಾಹರಣೆ ಅದು.

ಅಮೆರಿಕದಲ್ಲಿ ಕೊನೆಗೆ ಬಾಗಿಲು ಮುಚ್ಚಿದ್ದು ಹೇಗೆ?

ಎರಡು ತೀರ್ಮಾನಗಳಿಂದ. 2002ರ ಮಾರ್ಚ್‌ನಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ, ಮೈಕೆಲ್ ಪವೆಲ್ ಅಧ್ಯಕ್ಷರಾಗಿದ್ದಾಗ, ಕೇಬಲ್ ಇಂಟರ್ನೆಟ್ ಒಂದು ‘ಮಾಹಿತಿ ಸೇವೆ’ ಎಂದು ಘೋಷಿಸಿತು. 1996ರ ದೂರಸಂಪರ್ಕ ಕಾಯ್ದೆಯಲ್ಲಿ ದೂರಸಂಪರ್ಕ ಸೇವೆ, ಮಾಹಿತಿ ಸೇವೆ ಎಂದು ಎರಡು ವರ್ಗಗಳಿವೆ. ಮೊದಲನೆಯದಕ್ಕೆ ಸಾರ್ವಜನಿಕ ಸಾಗಣೆಯ ಹೊಣೆ ಉಂಟು, ಎರಡನೆಯದಕ್ಕೆ ಇಲ್ಲ. ಕೇಬಲ್ ಕಂಪನಿ ಸಾಗಣೆಯನ್ನೂ ಇಂಟರ್ನೆಟ್ಟನ್ನೂ ಒಟ್ಟಿಗೆ ಮಾರುವುದರಿಂದ ಅದರಲ್ಲಿ ಸಾಗಣೆಯನ್ನು ಬೇರೆ ಮಾಡಿ ನೋಡಬೇಕಿಲ್ಲ ಎಂಬುದು ಎಫ್‌ಸಿಸಿಯ ವಾದ.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ಬ್ರ್ಯಾಂಡ್ ಎಕ್ಸ್ ಎಂಬ ಸಣ್ಣ ಇಂಟರ್ನೆಟ್ ಕಂಪನಿ ಇದನ್ನು ಪ್ರಶ್ನಿಸಿತು. ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. 2005ರ ಜೂನ್ 27ರಂದು ಸುಪ್ರೀಂ ಕೋರ್ಟಿನಲ್ಲಿ 6-3ರಿಂದ ಸೋತಿತು. ಬಹುಮತದ ತೀರ್ಪು ಬರೆದ ಕ್ಲಾರೆನ್ಸ್ ಥಾಮಸ್, ಕಾಯ್ದೆಯ ಮಾತು ಅಸ್ಪಷ್ಟವಾಗಿರುವಾಗ ಪರಿಣತ ಸಂಸ್ಥೆಯ ಅರ್ಥವಿವರಣೆಯನ್ನು ಕೋರ್ಟು ಗೌರವಿಸಬೇಕು ಎಂದರು. ಕೇಬಲ್ ಇಂಟರ್ನೆಟ್ ಏನೆಂಬುದನ್ನು ಕೋರ್ಟು ತಾನಾಗಿ ನಿರ್ಧರಿಸಲಿಲ್ಲ. ಎಫ್‌ಸಿಸಿ ಹೇಳಿದ್ದು ಒಪ್ಪತಕ್ಕದ್ದು ಎಂದಿತು, ಅಷ್ಟೇ. ಭಿನ್ನಮತ ಬರೆದ ಆಂಟನಿನ್ ಸ್ಕಾಲಿಯಾ ಪಿಜ್ಜಾ ಅಂಗಡಿಯ ಉದಾಹರಣೆ ಕೊಟ್ಟರು. ಪಿಜ್ಜಾ ಮಾಡಿ ಮನೆಗೆ ತಂದುಕೊಡುವ ಅಂಗಡಿಯವರು ‘ನಾವು ಪಿಜ್ಜಾ ಮಾರುತ್ತೇವೆ, ಮನೆಗೆ ತಲುಪಿಸುವ ಸೇವೆ ಕೊಡುವುದಿಲ್ಲ’ ಎಂದರೆ ಯಾರಾದರೂ ನಂಬುತ್ತಾರೆಯೇ ಎಂಬುದು ಅವರ ಪ್ರಶ್ನೆ. ತಂತಿಯ ಮೇಲಿನ ಸಾಗಣೆಯನ್ನು ಇಲ್ಲವೆನ್ನುವುದು ಎಷ್ಟು ಅಸಹಜ ಎಂಬುದನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ಹೇಳಿಲ್ಲ.

ಆದರೂ ತೀರ್ಪು ತೀರ್ಪೇ. ಎರಡು ತಿಂಗಳೊಳಗೆ, ಅದೇ ಆಗಸ್ಟ್‌ನಲ್ಲಿ, ಎಫ್‌ಸಿಸಿ ಫೋನ್ ಕಂಪನಿಗಳ ಡಿಎಸ್‌ಎಲ್ (ಫೋನ್ ತಂತಿಯ ಬ್ರಾಡ್‌ಬ್ಯಾಂಡ್) ಸೇವೆಗೂ ಇದ್ದ ಸಾಗಣೆಯ ಹೊಣೆಯನ್ನು ತೆಗೆದುಹಾಕಿತು. ‘ಕೇಬಲ್‌ಗೆ ಇಲ್ಲದ ನಿಯಮ ನಮಗೇಕೆ’ ಎಂಬ ಫೋನ್ ಕಂಪನಿಗಳ ವಾದ ಗೆದ್ದಿತು. ಬಹುತೇಕ ಮನೆಗಳಿಗೆ ಉಳಿದದ್ದು ಎರಡೇ ಆಯ್ಕೆ, ಒಂದು ಕೇಬಲ್ ಕಂಪನಿ, ಒಂದು ಫೋನ್ ಕಂಪನಿ. ಎಷ್ಟೋ ಕಡೆ ಒಂದೇ.

ಹಣ ಹಾಕಿ ಕೇಬಲ್ ಎಳೆದವರು ತಮ್ಮ ಜಾಲವನ್ನು ಬೇರೆಯವರಿಗೆ ಯಾಕೆ ಕೊಡಬೇಕು?

ಪ್ರಾಮಾಣಿಕ ಉತ್ತರಕ್ಕೆ ಅರ್ಹವಾದ ಪ್ರಶ್ನೆ ಇದು. ಟಿವಿಗೆಂದು ಎಳೆದ ಜಾಲವನ್ನು ಎರಡು ದಿಕ್ಕಿನ ಇಂಟರ್ನೆಟ್‌ಗೆ ಒಗ್ಗಿಸಲು ಕೇಬಲ್ ಕಂಪನಿಗಳು ಬಿಲಿಯನ್‌ಗಟ್ಟಲೆ ಡಾಲರ್ ಸುರಿದದ್ದು ನಿಜ. ಲಾಭವನ್ನೆಲ್ಲ ಬೇರೆಯವರು ಕೊಂಡೊಯ್ಯುವುದಾದರೆ ಮುಂದಿನ ಹೂಡಿಕೆ ನಿಲ್ಲುತ್ತದೆ ಎಂಬ ಅವರ ಭಯ ಪೂರ್ತಿ ಸುಳ್ಳಲ್ಲ. ಸಗಟು ದರವನ್ನು ಖರ್ಚಿಗಿಂತ ಕೆಳಗೆ ಇಟ್ಟರೆ ಖಂಡಿತ ಹಾಗಾಗುತ್ತದೆ.

ಆದರೆ ಜಾಲವನ್ನು ಪುಕ್ಕಟೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಹೂಡಿಕೆಯ ಮೇಲೆ ನ್ಯಾಯವಾದ ಲಾಭ ಸೇರಿಸಿಯೇ ಸಗಟು ದರ ಕಟ್ಟುತ್ತಾರೆ. ಊರಿನ ರಸ್ತೆಗಳು, ರಸ್ತೆಬದಿಯ ಜಾಗಗಳು ಸಾರ್ವಜನಿಕರದ್ದು. ಅವುಗಳ ಮೇಲೆ ಮೊದಲು ಕೇಬಲ್ ಎಳೆಯುವ ಅವಕಾಶ ಸಿಕ್ಕಿದ್ದೂ ಸಾರ್ವಜನಿಕ ಪರವಾನಗಿಯಿಂದ. ಒಂದೇ ಬೀದಿಯಲ್ಲಿ ಹತ್ತು ಕಂಪನಿಗಳು ಹತ್ತು ಸಲ ಅಗೆಯುವುದು ದೇಶಕ್ಕೆ ನಷ್ಟ.

ಇನ್ನೂ ಒಂದಿದೆ. ಬೇರೆಯವರ ತಂತಿಯ ಮೇಲೆ ವ್ಯಾಪಾರ ಕಲಿತವರು ಆಮೇಲೆ ತಮ್ಮದೇ ಜಾಲ ಕಟ್ಟುತ್ತಾರೆ. ಫ್ರಾನ್ಸ್‌ನಲ್ಲಿ ಫ್ರೀ ಎಂಬ ಕಂಪನಿ 2002ರಲ್ಲಿ ಫ್ರಾನ್ಸ್ ಟೆಲಿಕಾಂನ ತಾಮ್ರದ ತಂತಿ ಬಾಡಿಗೆಗೆ ಪಡೆದು ತಿಂಗಳಿಗೆ 29.99 ಯೂರೋ ದರದಲ್ಲಿ ಬ್ರಾಡ್‌ಬ್ಯಾಂಡ್ ಶುರುಮಾಡಿತು. ಮುಂದೆ ತನ್ನದೇ ಫೈಬರ್ ಎಳೆಯಿತು. ಜಪಾನ್‌ನಲ್ಲಿ 2001ರಿಂದ ಸಾಫ್ಟ್‌ಬ್ಯಾಂಕ್ ಅಲ್ಲಿನ ಹಳೆಯ ಫೋನ್ ಕಂಪನಿ ಎನ್‌ಟಿಟಿಯ ತಂತಿಗಳ ಮೇಲೆ ‘ಯಾಹೂ ಬಿಬಿ’ ಮಾರಿ ಇಡೀ ದೇಶದ ದರ ಇಳಿಸಿತು. ಇವೆರಡೂ ಫೋನ್ ತಂತಿಯ ಕಥೆಗಳು, ಕೇಬಲ್‌ನದ್ದಲ್ಲ. ಆದರೆ ಜಾಲ ತೆರೆದರೆ ಹೂಡಿಕೆಯೇ ಸಾಯುತ್ತದೆ ಎಂಬ ಮಾತಿಗೆ ಇವು ಸಾಕಷ್ಟು ಗಟ್ಟಿ ಉತ್ತರ.

ಕೆನಡಾದಲ್ಲಿ ಕೇಬಲ್ ತೆರೆದಿದೆಯಲ್ಲ. ಅಲ್ಲಿ ಏನಾಯಿತು?

ಕೆನಡಾದ ನಿಯಂತ್ರಕ ಸಿಆರ್‌ಟಿಸಿ 1998ರಲ್ಲೇ ಕೇಬಲ್ ಕಂಪನಿಗಳು ಬೇರೆ ಇಂಟರ್ನೆಟ್ ಕಂಪನಿಗಳಿಗೆ ಪ್ರವೇಶ ಕೊಡಬೇಕೆಂದು ತೀರ್ಮಾನಿಸಿತು. ಸಿದ್ಧತೆಗೆ ಸಮಯ ಬೇಕೆಂದು ಕಂಪನಿಗಳು ಎಳೆದಾಡಿದಾಗ, 1999ರಲ್ಲಿ, ಅಲ್ಲಿಯ ತನಕ ನಿಮ್ಮ ಸೇವೆಯನ್ನೇ ಚಿಲ್ಲರೆ ದರಕ್ಕಿಂತ 25 ಶೇಕಡ ಕಡಿಮೆಗೆ ಅವರಿಗೆ ಕೊಡಿ ಎಂದು ಆದೇಶಿಸಿತು. ನಿಧಾನವಾಗಿಯಾದರೂ ವ್ಯವಸ್ಥೆ ನೆಲೆಯೂರಿತು. ಒಂಟಾರಿಯೊದ ಚಾಥಮ್ ಎಂಬ ಊರಿನ ಟೆಕ್‌ಸ್ಯಾವಿಯಂಥ ಕಂಪನಿಗಳು ಬೆಳೆದವು. ಟೊರಾಂಟೊ ಸುತ್ತಮುತ್ತಲಿನ ಎಷ್ಟೋ ಭಾರತೀಯ ಮನೆಗಳಲ್ಲಿ ಇಂಥ ಕಂಪನಿಗಳದ್ದೇ ಸಂಪರ್ಕ, ಏಕೆಂದರೆ ದರ ಕಡಿಮೆ, ಡೇಟಾ ಮಿತಿ ಸಡಿಲ.

ಆ ಡೇಟಾ ಮಿತಿಯ ಮೇಲೆಯೇ ದೊಡ್ಡ ಗುದ್ದಾಟ ನಡೆಯಿತು. ದೊಡ್ಡ ಕಂಪನಿಗಳು ತಮ್ಮ ಗ್ರಾಹಕರಿಗೆ ಹಾಕಿದ್ದ ಮಿತಿ ಮತ್ತು ಹೆಚ್ಚುವರಿ ಶುಲ್ಕವನ್ನು ಸಗಟು ಗ್ರಾಹಕರ ಮೇಲೂ ಹೇರಲು 2011ರ ಜನವರಿಯಲ್ಲಿ ಸಿಆರ್‌ಟಿಸಿ ಒಪ್ಪಿತು. ಅವರಿಗೆ ಕೊಟ್ಟ ರಿಯಾಯಿತಿ 15 ಶೇಕಡ ಮಾತ್ರ. ಅಂದರೆ ಸಣ್ಣ ಕಂಪನಿಯೂ ದೊಡ್ಡದರ ಬೆಲೆಪಟ್ಟಿಯನ್ನೇ ನಕಲು ಮಾಡಬೇಕು. ಹಾಗಾದರೆ ಸ್ಪರ್ಧೆ ಯಾವುದರ ಮೇಲೆ? ಸುಮಾರು 5 ಲಕ್ಷ ಜನ ಮನವಿಗೆ ಸಹಿ ಹಾಕಿದರು, ಸರ್ಕಾರವೇ ತೀರ್ಮಾನವನ್ನು ತಳ್ಳಿಹಾಕುವುದಾಗಿ ಎಚ್ಚರಿಸಿತು. ನವೆಂಬರ್‌ನಲ್ಲಿ ಸಿಆರ್‌ಟಿಸಿ ಬೇರೆ ದಾರಿ ಹಿಡಿಯಿತು: ಗ್ರಾಹಕರು ಎಷ್ಟು ಗಿಗಾಬೈಟ್ ಬಳಸಿದರು ಎಂಬ ಲೆಕ್ಕ ಬಿಟ್ಟು, ಸಣ್ಣ ಕಂಪನಿ ತಾನು ಕೊಂಡ ಒಟ್ಟು ಸಾಮರ್ಥ್ಯಕ್ಕೆ ಹಣ ಕಟ್ಟಲಿ. ಇಂಟರ್ನೆಟ್ ಜಾಲದ ಖರ್ಚು ಹುಟ್ಟುವುದೂ ಹಾಗೆಯೇ. ಸಂಜೆಯ ದಟ್ಟಣೆಗೆ ಎಷ್ಟು ಸಾಮರ್ಥ್ಯ ಬೇಕು ಎಂಬುದು ಖರ್ಚನ್ನು ತೀರ್ಮಾನಿಸುತ್ತದೆ. ನಡುರಾತ್ರಿ ಇಳಿಸಿಕೊಂಡ ಸಿನಿಮಾದಿಂದ ಹೆಚ್ಚೇನೂ ಹೊರೆಯಿಲ್ಲ.

ಮುಂದಿನ ಅಧ್ಯಾಯ ಬೇಸರದ್ದು. 2019ರ ಆಗಸ್ಟ್‌ನಲ್ಲಿ ಸಿಆರ್‌ಟಿಸಿ ಸಗಟು ದರಗಳನ್ನು ಗಣನೀಯವಾಗಿ ಇಳಿಸಿತು, ಹಿಂದೆ ಹೆಚ್ಚಾಗಿ ವಸೂಲಾದ ಹಣ ವಾಪಸ್ ಕೊಡಿ ಎಂದಿತು. ದೊಡ್ಡ ಕಂಪನಿಗಳು ಕೋರ್ಟು, ಸಚಿವ ಸಂಪುಟ, ಸಿಆರ್‌ಟಿಸಿ ಮೂರೂ ಕಡೆ ಮೇಲ್ಮನವಿ ಹಾಕಿದವು. 2021ರ ಮೇ ತಿಂಗಳಲ್ಲಿ ಸಿಆರ್‌ಟಿಸಿ ತನ್ನದೇ ಆದೇಶವನ್ನು ಹಿಂತೆಗೆದುಕೊಂಡು ಹಳೆಯ ದರಗಳಿಗೆ ಮರಳಿತು. ಕಡಿಮೆ ದರ ನಂಬಿ ಪ್ಲಾನ್ ಮಾಡಿದ್ದ ಸಣ್ಣವರಿಗೆ ಉಸಿರು ಕಟ್ಟಿತು. 2022ರಲ್ಲಿ ಸಣ್ಣ ಕಂಪನಿ ಇಬಾಕ್ಸ್ ದೊಡ್ಡ ಫೋನ್ ಕಂಪನಿ ಬೆಲ್ ಪಾಲಾಯಿತು, ಇನ್ನೊಂದು ಸಣ್ಣ ಕಂಪನಿ ವಿಮೀಡಿಯಾ ಕೇಬಲ್ ಕಂಪನಿ ವಿಡಿಯೊಟ್ರಾನ್ ಪಾಲಾಯಿತು. ಬಾಗಿಲು ತೆರೆದೇ ಇತ್ತು. ಬಾಡಿಗೆ ಕಟ್ಟಲಾಗದೆ ಒಳಗಿದ್ದವರು ಹೊರಟರು. ಈ ವಿಷಯದಲ್ಲಿ ಒಂದೇ ಒಂದು ದೇಶದ ಕಥೆ ಓದಲು ಸಮಯವಿದ್ದರೆ ಕೆನಡಾದ್ದನ್ನೇ ಓದಬೇಕು.

ಸಗಟು ದರ ನ್ಯಾಯವಾಗಿದೆಯೇ ಎಂದು ತಿಳಿಯುವುದು ಹೇಗೆ?

ಒಂದು ಪರೀಕ್ಷೆ ಸಾಕು. ಕೇಬಲ್ ಕಂಪನಿ ತನ್ನ ಗ್ರಾಹಕರಿಗೆ ಮಾರುವ ಚಿಲ್ಲರೆ ದರವನ್ನು ತೆಗೆದುಕೊಳ್ಳಿ. ಅದರಿಂದ ಸಗಟು ದರ ಕಳೆಯಿರಿ. ಉಳಿದ ಹಣದಲ್ಲಿ ದಕ್ಷವಾಗಿ ನಡೆಯುವ ಇನ್ನೊಂದು ಕಂಪನಿ ಹೊರಜಗತ್ತಿನ ಬ್ಯಾಂಡ್‌ವಿಡ್ತ್ ಕೊಂಡು, ಸಿಬ್ಬಂದಿ ಇಟ್ಟು, ಬಿಲ್ ಮಾಡಿ, ಅಲ್ಪ ಲಾಭ ಕಾಣಬಹುದೇ? ಆಗದಿದ್ದರೆ ಅದು ಹಿಂಡುವ ದರ. ಕೇಬಲ್ ಕಂಪನಿಯ ಹಬ್ಬದ ಆಫರ್ ಸಗಟು ದರಕ್ಕಿಂತಲೂ ಕೆಳಗಿದ್ದರೆ ಪರೀಕ್ಷೆಯೂ ಬೇಕಿಲ್ಲ.

ಲೈನ್ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ?

ಕೇಬಲ್ ಕಂಪನಿಯವರೇ. ನೀವು ದೂರು ಕೊಡುವುದು ನಿಮ್ಮ ಇಂಟರ್ನೆಟ್ ಕಂಪನಿಗೆ, ಅದು ಕೇಬಲ್ ಕಂಪನಿಗೆ ಟಿಕೆಟ್ ಹಾಕುತ್ತದೆ, ಆಮೇಲೆ ಟೆಕ್ನಿಷಿಯನ್ ಬರುತ್ತಾರೆ. ನಡುವೆ ಒಂದು ಕೈ ಹೆಚ್ಚಾಗುವುದರಿಂದ ತಡವಾಗುವುದುಂಟು. ಇದೇ ಈ ವ್ಯವಸ್ಥೆಯ ದುರ್ಬಲ ಜಾಗ. ಸಗಟು ಗ್ರಾಹಕರ ದೂರಿಗೂ ತಮ್ಮ ಗ್ರಾಹಕರ ದೂರಿನಷ್ಟೇ ಬೇಗ ಹೋಗಬೇಕು ಎಂಬ ನಿಯಮ, ಅದನ್ನು ಅಳೆದು ಪ್ರಕಟಿಸುವ ವ್ಯವಸ್ಥೆ, ತಪ್ಪಿದರೆ ದಂಡ, ಇವು ಮೂರೂ ಇಲ್ಲದೆ ಮುಕ್ತ ಪ್ರವೇಶ ಅರೆಬರೆ.

ಯುರೋಪಿನಲ್ಲಿ ಕೇಬಲ್ ತೆರೆದ ದೇಶ ಯಾವುದು?

ಮುಖ್ಯ ಉದಾಹರಣೆ ಬೆಲ್ಜಿಯಂ. ಮನೆಮನೆಗೂ ಕೇಬಲ್ ಟಿವಿ ಇರುವ ಆ ಸಣ್ಣ ದೇಶದಲ್ಲಿ 2011ರ ಜುಲೈನಲ್ಲಿ ನಿಯಂತ್ರಕರು ಟೆಲಿನೆಟ್, ವೂ ಮೊದಲಾದ ಕೇಬಲ್ ಕಂಪನಿಗಳು ಜಾಲ ತೆರೆಯಬೇಕೆಂದರು. ಮೊಬೈಲ್ ಕಂಪನಿ ಮೊಬಿಸ್ಟಾರ್, ಈಗಿನ ಆರೆಂಜ್, ಅದನ್ನು ಬಳಸಿ 2016ರಲ್ಲಿ ಮನೆ ಇಂಟರ್ನೆಟ್ ಮತ್ತು ಟಿವಿ ಮಾರಲು ಶುರುಮಾಡಿತು. ತೀರ್ಮಾನದಿಂದ ಮಾರಾಟಕ್ಕೆ ಐದು ವರ್ಷ ಹಿಡಿಯಿತು ಎಂಬುದನ್ನು ಗಮನಿಸಿ. 2023ರಲ್ಲಿ ಆರೆಂಜ್ ವೂ ಕಂಪನಿಯ ಬಹುಪಾಲನ್ನೇ ಕೊಂಡುಕೊಂಡಿತು. ನೆದರ್ಲೆಂಡ್ಸ್‌ನ ನಿಯಂತ್ರಕ 2018ರಲ್ಲಿ ವೊಡಾಫೋನ್‌ಜಿಗ್ಗೊ ಕೇಬಲ್ ತೆರೆಯಲು ಆದೇಶಿಸಿದ್ದನ್ನು 2020ರಲ್ಲಿ ಅಲ್ಲಿನ ನ್ಯಾಯಾಲಯ ರದ್ದು ಮಾಡಿತು.

ಆಸ್ಟ್ರೇಲಿಯಾದಲ್ಲಿ ಹೇಗೆ?

ಅಲ್ಲಿ ಇನ್ನೂ ಬುಡದಿಂದಲೇ ಬದಲಾಯಿಸಿದರು. ಸರ್ಕಾರ 2009ರಲ್ಲಿ ಎನ್‌ಬಿಎನ್ ಎಂಬ ಸಗಟು ಕಂಪನಿ ಸ್ಥಾಪಿಸಿತು. ಅದು ಗ್ರಾಹಕರಿಗೆ ನೇರವಾಗಿ ಏನೂ ಮಾರುವುದಿಲ್ಲ. ಜಾಲ ನೋಡಿಕೊಂಡು ಎಲ್ಲ ಚಿಲ್ಲರೆ ಕಂಪನಿಗಳಿಗೂ ಒಂದೇ ಷರತ್ತಿನಲ್ಲಿ ಕೊಡುತ್ತದೆ. ಮೊದಲ ಯೋಜನೆ ಬಹುತೇಕ ಎಲ್ಲರಿಗೂ ಫೈಬರ್ ಎಂದಿತ್ತು. ಸರ್ಕಾರ ಬದಲಾದ ಮೇಲೆ 2014ರಲ್ಲಿ ಟೆಲ್‌ಸ್ಟ್ರಾ ಮತ್ತು ಆಪ್ಟಸ್‌ನ ಹಳೆಯ ಟಿವಿ ಕೇಬಲ್ ಜಾಲಗಳನ್ನೂ ಬಳಸಲು ಒಪ್ಪಂದವಾಯಿತು. ಆಪ್ಟಸ್‌ನ ಕೇಬಲ್ ಉಪಯೋಗಕ್ಕೆ ಬರುವ ಸ್ಥಿತಿಯಲ್ಲಿಲ್ಲ ಎಂದು ಬಹುಪಾಲು ಕೈಬಿಟ್ಟರು. ಟೆಲ್‌ಸ್ಟ್ರಾದ ಕೇಬಲ್ ಮೇಲೂ ಸಂಪರ್ಕ ಪದೇ ಪದೇ ಕಡಿಯುತ್ತಿದ್ದುದರಿಂದ 2017ರ ನವೆಂಬರ್‌ನಲ್ಲಿ ಹೊಸ ಸಂಪರ್ಕಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ ಸರಿಪಡಿಸಬೇಕಾಯಿತು.

ಆದರೆ ಮುಕ್ತ ಪ್ರವೇಶದ ದೃಷ್ಟಿಯಿಂದ ಇದು ನಮ್ಮೆದುರಿನ ಅತ್ಯಂತ ಸ್ಪಷ್ಟ ಉದಾಹರಣೆ. ಮೆಲ್ಬರ್ನ್ ಅಥವಾ ಸಿಡ್ನಿಯಲ್ಲಿ ಹಳೆಯ ಟಿವಿ ಕೇಬಲ್ ಇರುವ ಮನೆಯವರು ಹತ್ತಾರು ಕಂಪನಿಗಳ ನಡುವೆ ಆರಿಸಿಕೊಳ್ಳುತ್ತಾರೆ. ಕಂಪನಿ ಬದಲಿಸಲು ಯಾರೂ ಮನೆಗೆ ಬರಬೇಕಿಲ್ಲ. ತಂತಿಯ ಮಾಲೀಕನಿಗೆ ಚಿಲ್ಲರೆ ವ್ಯಾಪಾರವೇ ಇಲ್ಲದಾಗ ತಾರತಮ್ಯ ಮಾಡುವ ಆಸೆಯೂ ಇಲ್ಲ.

ಅಲ್ಲೂ ಕಾಟ ಕೊಟ್ಟದ್ದು ದರವೇ. ಪ್ರತಿ ಸಂಪರ್ಕದ ಶುಲ್ಕದ ಜೊತೆ, ಬಳಸುವ ಒಟ್ಟು ಸಾಮರ್ಥ್ಯಕ್ಕೂ ಎನ್‌ಬಿಎನ್ ಬೇರೆ ಶುಲ್ಕ ಹಾಕುತ್ತಿತ್ತು. ಉಳಿತಾಯಕ್ಕೆಂದು ಚಿಲ್ಲರೆ ಕಂಪನಿಗಳು ಕಡಿಮೆ ಸಾಮರ್ಥ್ಯ ಕೊಂಡಾಗ ಸಂಜೆ ಹೊತ್ತು ಎಲ್ಲರ ಇಂಟರ್ನೆಟ್ ತೆವಳುತ್ತಿತ್ತು. ಸ್ಪರ್ಧಾ ಆಯೋಗ ಕಂಪನಿವಾರು ವೇಗ ಅಳೆದು ಪ್ರಕಟಿಸತೊಡಗಿದ ಮೇಲೆ ಸುಧಾರಿಸಿತು. 2023ರ ಕೊನೆಯಲ್ಲಿ ಹೆಚ್ಚಿನ ವೇಗದ ಪ್ಲಾನ್‌ಗಳಿಂದ ಆ ಸಾಮರ್ಥ್ಯದ ಶುಲ್ಕವನ್ನೇ ತೆಗೆದರು.

ಇದೂ ನೆಟ್ ನ್ಯೂಟ್ರಾಲಿಟಿಯೂ ಒಂದೇ ಅಲ್ಲವೇ?

ಅಲ್ಲ, ಆದರೆ ಸಂಬಂಧವಿದೆ. ಮುಕ್ತ ಪ್ರವೇಶ ಎಂದರೆ ಒಂದೇ ತಂತಿಯ ಮೇಲೆ ಹಲವು ಇಂಟರ್ನೆಟ್ ಕಂಪನಿಗಳು. ನೆಟ್ ನ್ಯೂಟ್ರಾಲಿಟಿ ಎಂದರೆ ಇರುವ ಕಂಪನಿ ಯಾವ ವೆಬ್‌ಸೈಟಿಗೂ ತಾರತಮ್ಯ ಮಾಡಬಾರದು. ಅಮೆರಿಕದಲ್ಲಿ ಮೊದಲನೆಯದು ಕೈತಪ್ಪಿದ್ದರಿಂದಲೇ ಎರಡನೆಯದರ ಹೋರಾಟ ಅಷ್ಟು ತೀವ್ರವಾಯಿತು. ಹತ್ತು ಕಂಪನಿಗಳಿದ್ದರೆ ತಾರತಮ್ಯ ಮಾಡುವವರನ್ನು ಬಿಟ್ಟು ಹೋಗಬಹುದು. ಒಂದೇ ಇದ್ದರೆ ಎಲ್ಲಿಗೆ ಹೋಗುವುದು? 2015ರಲ್ಲಿ ಎಫ್‌ಸಿಸಿ ಬ್ರಾಡ್‌ಬ್ಯಾಂಡನ್ನು ದೂರಸಂಪರ್ಕ ಸೇವೆ ಎಂದು ಮರುವಿಂಗಡಿಸಿದಾಗಲೂ, ಜಾಲ ಹಂಚಿಕೊಳ್ಳುವ ಹೊಣೆ ಹೇರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ಎಲ್ಲೆಡೆ ಫೈಬರ್ ಬರುತ್ತಿದೆ. ಹಳೆಯ ಕೇಬಲ್‌ನ ಮಾತು ಇನ್ನೂ ಬೇಕೇ?

ಬೇಕು. ಫೈಬರ್ ಬಂದರೂ ‘ಮನೆ ತನಕದ ತಂತಿ ಯಾರ ಕೈಯಲ್ಲಿ’ ಎಂಬ ಪ್ರಶ್ನೆ ಹಾಗೇ ಇರುತ್ತದೆ. ಕೆನಡಾದಲ್ಲಿ ಕೇಬಲ್‌ಗೆ ಸಿಕ್ಕ ಪ್ರವೇಶ ಫೈಬರ್‌ಗೆ ವರ್ಷಗಟ್ಟಲೆ ಸರಿಯಾಗಿ ಸಿಗದೆ, 2023ರ ನವೆಂಬರ್‌ನಲ್ಲಿ ಒಂಟಾರಿಯೊ ಮತ್ತು ಕ್ವಿಬೆಕ್‌ಗೆ ತಾತ್ಕಾಲಿಕ ಆದೇಶ ಬಂತು. 2024ರ ಆಗಸ್ಟ್‌ನಲ್ಲಿ ಅದು ದೇಶಕ್ಕೆಲ್ಲ ವಿಸ್ತಾರವಾಯಿತು.

ನಮ್ಮ ಭಾರತದಲ್ಲಿ ಇಂಥ ನಿಯಮವಿದೆಯೇ?

ಕೇಬಲ್‌ಗೆ ಇಲ್ಲ. ಫೋನ್ ತಂತಿಗೆ ತರುವ ಅವಕಾಶವೊಂದು 2004ರಲ್ಲಿ ಬಂದಿತ್ತು. ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್‌ನ ತಾಮ್ರದ ತಂತಿಗಳನ್ನು ಬೇರೆ ಕಂಪನಿಗಳಿಗೂ ತೆರೆಯಬೇಕು ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ ಶಿಫಾರಸು ಮಾಡಿತು. ಅದೇ ವರ್ಷ ಬಂದ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸರ್ಕಾರ ಅದನ್ನು ಕಡ್ಡಾಯ ಮಾಡದೆ ಕಂಪನಿಗಳ ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ಕೋಟ್ಯಂತರ ಮನೆಗಳಿಗೆ ಹೋಗಿದ್ದ ಆ ತಂತಿಗಳು ಬಹುಪಾಲು ಬ್ರಾಡ್‌ಬ್ಯಾಂಡ್ ಕಾಣದೆ ಹಳೆಯದಾದವು. ಈ ಅವಕಾಶ ಕೈಬಿಟ್ಟದ್ದು ದೊಡ್ಡ ನಷ್ಟ ಎಂದು ನನ್ನ ದೃಢ ಅಭಿಪ್ರಾಯ.

ನಮ್ಮ ಊರುಗಳ ಸ್ಥಿತಿ ಬೇರೆ ರೀತಿಯದು. ಬೀದಿಯ ಕೇಬಲ್ ಒಂದು ದೊಡ್ಡ ಕಂಪನಿಯದ್ದಾಗಿರದೆ ಸ್ಥಳೀಯ ಕೇಬಲ್ ಆಪರೇಟರ್ ಕೈಯಲ್ಲಿರುತ್ತದೆ. ಎಷ್ಟೋ ಆಪರೇಟರ್‌ಗಳು ಬಿಎಸ್‌ಎನ್‌ಎಲ್‌ನಂಥ ಕಂಪನಿಗಳ ಜೊತೆ ಆದಾಯ ಹಂಚಿಕೊಂಡು ಮನೆಗಳಿಗೆ ಫೈಬರ್ ಕೊಡುತ್ತಿದ್ದಾರೆ. ಒಬ್ಬರೇ ಆಪರೇಟರ್ ಎರಡು ಮೂರು ಕಂಪನಿಗಳ ಸಂಪರ್ಕ ಕೊಡುವಂತಾದರೆ ಹಳ್ಳಿ ಪೇಟೆಗಳಿಗೂ ಆಯ್ಕೆ ಬರುತ್ತದೆ, ಆಪರೇಟರ್‌ಗೂ ಬದುಕು ಉಳಿಯುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಂತೂ ಈ ಪ್ರಶ್ನೆ ಇವತ್ತಿನದೇ. ಹೊರಗೆ ರಸ್ತೆಯಲ್ಲಿ ನಾಲ್ಕು ಕಂಪನಿಗಳ ಫೈಬರ್ ಇದ್ದರೂ, ಬಿಲ್ಡರ್ ಅಥವಾ ಅಸೋಸಿಯೇಷನ್ ಒಬ್ಬರ ಜೊತೆ ಒಪ್ಪಂದ ಮಾಡಿಕೊಂಡು ಉಳಿದವರನ್ನು ಗೇಟಿನ ಹೊರಗೇ ನಿಲ್ಲಿಸುವುದುಂಟು. ಕಟ್ಟಡದೊಳಗಿನ ಕೊಳವೆ, ತಂತಿ ಮುಂತಾದವನ್ನು ಕಂಪನಿಗಳು ತಾರತಮ್ಯವಿಲ್ಲದೆ ಹಂಚಿಕೊಳ್ಳುವುದನ್ನು ಕಡ್ಡಾಯ ಮಾಡಬೇಕು ಎಂದು ಟ್ರಾಯ್ 2017ರ ಜನವರಿಯಲ್ಲೇ ಶಿಫಾರಸು ಮಾಡಿದೆ. ಅಸೋಸಿಯೇಷನ್ ಸಭೆಯಲ್ಲಿ ಈ ವಿಷಯ ಬಂದಾಗ ಅದನ್ನು ಎತ್ತಿ ಹೇಳಿ. ಒಪ್ಪಂದದಲ್ಲಿ 'ಏಕೈಕ' ಎಂಬ ಷರತ್ತಿದ್ದರೆ ಪ್ರಶ್ನಿಸಿ.

ಜಾಲ ತೆರೆದಿರುವ ದೇಶದಲ್ಲಿದ್ದೇನೆ. ಸಣ್ಣ ಕಂಪನಿಗೆ ಬದಲಾಗುವ ಮುನ್ನ ಏನು ಕೇಳಬೇಕು?

ಸಂಜೆ ಏಳರಿಂದ ಹನ್ನೊಂದರ ನಡುವೆ ಸಾಮಾನ್ಯವಾಗಿ ಎಷ್ಟು ವೇಗ ಸಿಗುತ್ತದೆ ಎಂದು ಕೇಳಿ. ಜಾಹೀರಾತಿನಲ್ಲಿರುವ ಗರಿಷ್ಠ ವೇಗದಿಂದ ಏನೂ ತಿಳಿಯದು, ಆ ಕಂಪನಿ ಸಾಕಷ್ಟು ಸಾಮರ್ಥ್ಯ ಕೊಂಡಿದೆಯೇ ಎಂಬುದು ಸಂಜೆಯ ವೇಗದಲ್ಲೇ ಗೊತ್ತಾಗುತ್ತದೆ. ನಿಮ್ಮ ಹಳೆಯ ಮೋಡೆಮ್ ನಡೆಯುತ್ತದೆಯೇ, ಹೊಸದು ಕೊಳ್ಳಬೇಕೇ ಎಂದು ಕೇಳಿ. ಕೇಬಲ್ ಕಂಪನಿಗಳು ತಾವು ಒಪ್ಪಿದ ಮಾದರಿಗಳನ್ನು ಮಾತ್ರ ಜೋಡಿಸಲು ಬಿಡುತ್ತವೆ. ಆಫರ್ ಮುಗಿದ ಮೇಲಿನ ದರ ಎಷ್ಟು, ಮಧ್ಯದಲ್ಲಿ ಬಿಟ್ಟರೆ ದಂಡವಿದೆಯೇ, ಟೆಕ್ನಿಷಿಯನ್ ಬಂದರೆ ಶುಲ್ಕ ಯಾರದು ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಹೊಸ ಸಂಪರ್ಕ ಚಾಲೂ ಆಗುವ ತನಕ ಹಳೆಯದನ್ನು ರದ್ದು ಮಾಡಬೇಡಿ. ಬದಲಾಯಿಸುತ್ತೇನೆ ಎಂದ ಕೂಡಲೇ ಹಳೆಯ ಕಂಪನಿ ಅರ್ಧ ದರದ ಆಫರ್ ಕೊಡಬಹುದು. ಅದು ಎಷ್ಟು ತಿಂಗಳಿಗೆ ಎಂದು ಕೇಳಿ, ಒಂದು ವರ್ಷದ ಒಟ್ಟು ಲೆಕ್ಕ ಹಾಕಿ, ಆಮೇಲೆ ಉತ್ತರ ಕೊಡಿ.